ಬಿಟ್‌ಮ್ಯಾಪ್ ಅಂದ್ರೆ ಬರೀ ಒಂದು ಅರೇ ಅಲ್ವಾ ಮೇಡಂ?

ಚಿಕ್ಕಮಗಳೂರಿನಲ್ಲಿ ಭಾನುವಾರಗಳಂದು ಒಂದಷ್ಟು ಎಂಜಿನಿಯರಿಂಗ್ ಮಕ್ಕಳಿಗೆ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಹೇಳಿಕೊಡುತ್ತೇನೆ. ಹಾಸನದಿಂದಲೂ ಬೆಳಗಿನ ಬಸ್ಸು ಹಿಡಿದು ಮೂರ್ನಾಲ್ಕು ಜನ ಬರುತ್ತಾರೆ. ಫೈಲ್‌ಸಿಸ್ಟಮ್, ಅಂದರೆ ಡಿಸ್ಕನ್ನು ಬ್ಲಾಕ್ ಎಂಬ ಸಮನಾದ ತುಂಡುಗಳಾಗಿ ಹಂಚಿ ಫೈಲ್‌ಗಳನ್ನು ಇಡುವ ವ್ಯವಸ್ಥೆಯ, ಪಾಠ ಶುರುವಾದ ದಿನ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಮೇಡಂ, ಯಾವ ಬ್ಲಾಕ್ ಖಾಲಿ, ಯಾವುದು ತುಂಬಿದೆ ಅಂತ ಗುರುತಿಡೋಕೆ ಬ್ಲಾಕಿಗೊಂದು ಬಿಟ್ ಸಾಕಲ್ವಾ? ಅದು ಬರೀ ಒಂದು ಅರೇ. ಹಾಗೇ ಡಿಸ್ಕಿಗೆ ಬರೆದಿಟ್ರೆ ಆಯ್ತು. ಇದಕ್ಕೆ ಯಾಕೆ ಅಷ್ಟು ಸಾವಿರ ಸಾಲು ಕೋಡ್?"

ಪ್ರಶ್ನೆ ಚೆನ್ನಾಗಿದೆ. ಬ್ಲಾಕ್ ತುಂಬಿದ್ದರೆ 1, ಖಾಲಿ ಇದ್ದರೆ 0 ಎಂದು ಗುರುತಿಡುವ ಈ ಬಿಟ್‌ಗಳ ಸಾಲಿಗೇ ಬಿಟ್‌ಮ್ಯಾಪ್ ಎನ್ನುವುದು; ಅರೇ ಎಂದರೆ ಸಾಲಾಗಿ ಜೋಡಿಸಿದ ಮೌಲ್ಯಗಳು. ಮೆಮೊರಿಯಲ್ಲಿ ಇರುವಷ್ಟು ಹೊತ್ತು ಅದು ಅರೇಯೇ ಹೌದು. ಡಿಸ್ಕಿಗೆ ಇಳಿದ ಮೇಲೆ ಅದೊಂದು ಲೆಕ್ಕದ ನಕಲು. ಯಾವ ಫೈಲಿಗೆ ಯಾವ ಬ್ಲಾಕ್ ಸೇರಿದೆ ಎಂಬ ಅಸಲು ಲೆಕ್ಕ ಐನೋಡ್‌ಗಳಲ್ಲಿ (ಫೈಲಿಗೊಂದರಂತೆ ಇರುವ ದಾಖಲೆ) ಇರುತ್ತದೆ. ನಕಲು, ಅಸಲು ಎರಡೂ ಒಂದೇ ಗಳಿಗೆಯಲ್ಲಿ ಬದಲಾಗುವುದಿಲ್ಲ. ಆ ನಡುವಿನ ಗಳಿಗೆಯಲ್ಲಿ ಕರೆಂಟ್ ಹೋದರೆ ಏನು ಗತಿ ಎಂಬುದಕ್ಕೇ ಆ ಕೋಡಿನ ಬಹುಪಾಲು ಮೀಸಲು.

ನಮ್ಮಪ್ಪ ಆಲ್ದೂರು ಕಡೆಯ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ಅವರ ಚೆಕ್‌ರೋಲ್ ಎಂಬ ಹಾಜರಿ ಪುಸ್ತಕದಲ್ಲಿ ಆಳಿಗೊಂದು ಸಾಲು, ಸಾಲಿಗೆ 31 ಮನೆ, ಬಂದ ದಿನಕ್ಕೊಂದು ಗುರುತು. ನಾನು ಮೊದಲು ನೋಡಿದ ಬಿಟ್‌ಮ್ಯಾಪ್ ಅದು. ಕುಯ್ಲಿನ ಸಮಯದಲ್ಲಿ ಸಂಜೆ ಹಣ್ಣಿನ ತೂಕ ಮಾಡಿ ಚೀಟಿಗೆ ಬರೆಯುತ್ತಿದ್ದರು; ಗುರುತು ಹಾಕುವುದು ಆಮೇಲೆ. ಮಳೆಗೆ ಪುಸ್ತಕ ನೆನೆದು ಒಂದು ಪುಟ ಅಳಿಸಿಹೋದರೂ ತೂಕದ ಚೀಟಿಗಳನ್ನು ಹರಡಿಕೊಂಡು ಕೂತು ಆ ದಿನಗಳ ಹಾಜರಿಯನ್ನು ಮತ್ತೆ ತುಂಬುತ್ತಿದ್ದರು. ಚೀಟಿ ಕಳೆದರೆ ಮಾತ್ರ ಪುಸ್ತಕ ನೋಡಿ ತೂಕ ಹೇಳಲು ಬರುತ್ತಿರಲಿಲ್ಲ. ಡಿಸ್ಕಿನಲ್ಲೂ ಹೀಗೆಯೇ: ಐನೋಡ್‌ಗಳಿಂದ ಬಿಟ್‌ಮ್ಯಾಪ್ ಕಟ್ಟಬಹುದು, ಬಿಟ್‌ಮ್ಯಾಪಿನಿಂದ ಐನೋಡ್ ಕಟ್ಟಲಾಗದು.

ಅಳತೆಯ ವಿಷಯ ಬೇಗ ಮುಗಿಸುತ್ತೇನೆ. ಲಿನಕ್ಸ್‌ನ ಎಕ್ಸ್ಟ್4 (ext4) ಫೈಲ್‌ಸಿಸ್ಟಮ್‌ನಲ್ಲಿ ಸಾಮಾನ್ಯವಾಗಿ ಬ್ಲಾಕ್ 4096 ಬೈಟ್. ಒಂದು ಬ್ಲಾಕ್ ತುಂಬ ಬಿಟ್ ಇಟ್ಟರೆ 32768 ಬಿಟ್. ಅಂದರೆ ಒಂದು ಬಿಟ್‌ಮ್ಯಾಪ್ ಬ್ಲಾಕ್ 128 ಎಂಬಿ ಜಾಗದ ಲೆಕ್ಕ ನೋಡಿಕೊಳ್ಳುತ್ತದೆ. ಇದೇ ಒಂದು ಬ್ಲಾಕ್ ಗ್ರೂಪ್. 1 ಟಿಬಿ ಡಿಸ್ಕಿಗೆ ಇಂಥ 8192 ಗ್ರೂಪ್, ಎಲ್ಲ ಬಿಟ್‌ಮ್ಯಾಪ್ ಸೇರಿ 32 ಎಂಬಿ. ಹೀಗೆ ಗುಂಪು ಮಾಡುವ ಪದ್ಧತಿ ಬರ್ಕ್‌ಲಿ ವಿಶ್ವವಿದ್ಯಾಲಯದ ಎಫ್‌ಎಫ್‌ಎಸ್ (ಫಾಸ್ಟ್ ಫೈಲ್ ಸಿಸ್ಟಮ್)ನಿಂದ ಬಂದದ್ದು. ಅದಕ್ಕೂ ಹಿಂದಿನ ಯುನಿಕ್ಸ್ ಖಾಲಿ ಬ್ಲಾಕ್‌ಗಳನ್ನು ಒಂದಕ್ಕೊಂದು ಪೋಣಿಸಿದ ಪಟ್ಟಿಯಲ್ಲಿ ಇಡುತ್ತಿತ್ತು. ಬಳಸುತ್ತ ಬಳಸುತ್ತ ಪಟ್ಟಿಯ ಕ್ರಮ ಕಲಸಿಹೋಗಿ, ಸೆಕೆಂಡಿಗೆ 175 ಕಿಲೋಬೈಟ್ ಇದ್ದ ಓದುವ ವೇಗ ಕೆಲವೇ ವಾರಗಳಲ್ಲಿ 30ಕ್ಕೆ ಇಳಿಯುತ್ತಿತ್ತು ಎಂದು ಎಫ್‌ಎಫ್‌ಎಸ್ ಬರೆದವರೇ 1984ರಲ್ಲಿ ದಾಖಲಿಸಿದ್ದಾರೆ. ಬಿಟ್‌ಮ್ಯಾಪಿನಲ್ಲಿ ಅಕ್ಕಪಕ್ಕದ ಖಾಲಿ ಬ್ಲಾಕ್‌ಗಳು ಅಕ್ಕಪಕ್ಕದಲ್ಲೇ ಕಾಣುತ್ತವೆ. ಹುಡುಕುವಾಗ ಕರ್ನಲ್ 64 ಬಿಟ್‌ಗಳನ್ನು ಒಟ್ಟಿಗೆ ನೋಡುತ್ತದೆ. ಎಲ್ಲವೂ 1 ಆಗಿದ್ದರೆ ಮುಂದಿನ 64ಕ್ಕೆ ಜಿಗಿಯುತ್ತದೆ.

ಮಕ್ಕಳು ಎಡವುವ ಮೊದಲ ಜಾಗ ಬೈಟ್‌ಗಳ ಕ್ರಮ. ಲಾಂಗ್‌ಗಳ (64 ಬಿಟ್ ಸಂಖ್ಯೆಗಳ) ಅರೇ ಎಂದುಕೊಂಡು ಹಾಗೇ ಡಿಸ್ಕಿಗೆ ಸುರಿದರೆ, 64 ಬಿಟ್‌ನ ಬಿಗ್ ಎಂಡಿಯನ್ (ಸಂಖ್ಯೆಯ ದೊಡ್ಡ ಬೆಲೆಯ ಬೈಟನ್ನು ಮೊದಲು ಇಡುವ) ಯಂತ್ರದಲ್ಲಿ 0ನೇ ಬಿಟ್ ಎಂಟು ಬೈಟ್‌ಗಳಲ್ಲಿ ಕೊನೆಯದರಲ್ಲಿ ಹೋಗಿ ಕೂರುತ್ತದೆ. ಆ ಡಿಸ್ಕನ್ನು ನಿಮ್ಮ ಲ್ಯಾಪ್‌ಟಾಪಿಗೆ ಹಾಕಿದರೆ ಖಾಲಿ ಯಾವುದು, ತುಂಬಿದ್ದು ಯಾವುದು ಎಲ್ಲ ಅದಲುಬದಲು. ಅದಕ್ಕೇ ಡಿಸ್ಕಿನ ಮೇಲಿನ ಕ್ರಮವನ್ನು ಲಿಟಲ್ ಎಂಡಿಯನ್ (ಚಿಕ್ಕ ಬೆಲೆಯ ಬೈಟ್ ಮೊದಲು) ಎಂದು ನಿಗದಿ ಮಾಡಿ, ಅದಕ್ಕೆಂದೇ ಬೇರೆ ಫಂಕ್ಷನ್‌ಗಳನ್ನು ಇಟ್ಟಿದ್ದಾರೆ. ಎರಡನೆಯದು, ಒಂದೇ ಬೈಟಿನ ಎರಡು ಬಿಟ್‌ಗಳನ್ನು ಎರಡು ಸಿಪಿಯು ಒಟ್ಟಿಗೆ ತಿದ್ದಲು ಹೋದರೆ ಒಂದರ ತಿದ್ದುಪಡಿ ಕಳೆದುಹೋಗುತ್ತದೆ. ಎಕ್ಸ್ಟ್4 ಗ್ರೂಪಿಗೊಂದು ಬೀಗ ಇಟ್ಟು ಇದನ್ನು ತಡೆಯುತ್ತದೆ. ಕೊನೆಯ ಗ್ರೂಪ್ ಪೂರ್ತಿ 128 ಎಂಬಿ ಇಲ್ಲದಿದ್ದರೆ, ಡಿಸ್ಕಿನಾಚೆಗೆ ಬೀಳುವ ಬಿಟ್‌ಗಳನ್ನೆಲ್ಲ ಮೊದಲೇ 1 ಮಾಡಿಡಬೇಕು. ಇಲ್ಲವಾದರೆ ಇಲ್ಲದ ಜಾಗವನ್ನು ಫೈಲಿಗೆ ಹಂಚಿಬಿಡುತ್ತದೆ.

ಇವೆಲ್ಲ ಒಮ್ಮೆ ಸರಿ ಮಾಡಿದರೆ ಮುಗಿಯುವ ಕೆಲಸ. ಮುಗಿಯದೆ ಕಾಡುವುದು ಬರೆಯುವ ಕ್ರಮ. ಒಂದು ಬಿಟ್ ಬದಲಾಯಿಸಬೇಕೆಂದರೂ ಡಿಸ್ಕಿಗೆ ಕನಿಷ್ಠ ಒಂದು ಸೆಕ್ಟರ್ (ಡಿಸ್ಕ್ ಒಮ್ಮೆಗೆ ಬರೆಯುವ ಅತಿ ಚಿಕ್ಕ ತುಂಡು) ಪೂರ್ತಿ ಬರೆಯಬೇಕು, ಐನೋಡ್ ಬೇರೊಂದು ಸೆಕ್ಟರಿನಲ್ಲಿದೆ. ಸಾಲದ್ದಕ್ಕೆ ಡಿಸ್ಕಿಗೆ ತನ್ನದೇ ಕ್ಯಾಶ್ (ತಾತ್ಕಾಲಿಕ ಮೆಮೊರಿ) ಇದ್ದು, ನೀವು ಫ್ಲಶ್ (ಈಗಲೇ ಬರೆ) ಎಂದು ಸ್ಪಷ್ಟವಾಗಿ ಹೇಳದಿದ್ದರೆ ತನಗೆ ಅನುಕೂಲವಾದ ಕ್ರಮದಲ್ಲಿ ಬರೆಯುತ್ತದೆ. ಹಾಗಾಗಿ ಎರಡು ಬಗೆಯ ತಪ್ಪು ಆಗಬಹುದು. ಖಾಲಿ ಬ್ಲಾಕನ್ನು ತುಂಬಿದೆ ಎಂದು ಬಿಟ್ ಹೇಳಿದರೆ ಸ್ವಲ್ಪ ಜಾಗ ನಷ್ಟ, ಅಷ್ಟೇ. ತುಂಬಿದ ಬ್ಲಾಕನ್ನು ಖಾಲಿ ಎಂದರೆ ಇನ್ನೊಂದು ಫೈಲ್ ಬಂದು ಅದರ ಮೇಲೆ ಕೂರುತ್ತದೆ. ಆದ್ದರಿಂದ ಬ್ಲಾಕ್ ಕೊಡುವಾಗ ಮೊದಲು ಬಿಟ್ 1 ಮಾಡಿ, ಆಮೇಲೆ ಐನೋಡಿಗೆ ಸೇರಿಸಬೇಕು. ಬಿಡಿಸುವಾಗ ಮೊದಲು ಐನೋಡಿನಿಂದ ಕಳಚಿ, ಅದು ಡಿಸ್ಕ್ ಸೇರಿದ ಮೇಲಷ್ಟೇ ಬಿಟ್ 0 ಮಾಡಬೇಕು.

ಇದನ್ನು ನಾನು ಕಲಿತದ್ದು ನಷ್ಟದಿಂದ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಕಲಿಯಲೆಂದು ನಾನೇ ಒಂದು ಪುಟ್ಟ ಫೈಲ್‌ಸಿಸ್ಟಮ್ ಬರೆದು ಊರಿನ ಮನೆಯ ಹಳೆಯ ಕಂಪ್ಯೂಟರಿನಲ್ಲಿ ಓಡಿಸುತ್ತಿದ್ದೆ. ಆಷಾಢದ ಮಳೆ, ನಮ್ಮ ಕಡೆ ಲೈನಿನ ಮೇಲೆ ಮರ ಬಿದ್ದರೆ ಎರಡು ದಿನ ಕರೆಂಟಿಲ್ಲ. ದೊಡ್ಡದೊಂದು ಫೈಲ್ ಅಳಿಸಿದೆ. ಬಿಟ್‌ಗಳು 0 ಆಗಿ ಡಿಸ್ಕ್ ಸೇರಿದವು, ಐನೋಡಿನ ಬದಲಾವಣೆ ಇನ್ನೂ ಮೆಮೊರಿಯಲ್ಲೇ ಇತ್ತು, ಆಗ ಕರೆಂಟ್ ಹೋಯಿತು. ಬಂದಾಗ ಅಳಿಸಿದ ಫೈಲ್ ಅಲ್ಲೇ ಇದೆ. ಅಪ್ಪನ ಚೆಕ್‌ರೋಲ್ ಪುಟಗಳ ಫೋಟೋ ತೆಗೆದು ಅದೇ ಡಿಸ್ಕಿಗೆ ತುಂಬಿದೆ. ಅವು ಖಾಲಿ ಎಂದು ಗುರುತಾಗಿದ್ದ ಆ ಬ್ಲಾಕ್‌ಗಳಲ್ಲೇ ಕೂತವು. ಹಳೆಯ ಫೈಲನ್ನು ಮತ್ತೊಮ್ಮೆ ಅಳಿಸಿದೆ. ಈ ಸಲ 0 ಆದದ್ದು ಫೋಟೋಗಳ ಬಿಟ್. ಮುಂದೆ ಬಂದ ಲಾಗ್ ಫೈಲ್ ಅವುಗಳ ಮೇಲೆಯೇ ಬರೆಯುತ್ತ ಹೋಯಿತು. ಮೂಲ ಪುಸ್ತಕವನ್ನು ತೋಟಕ್ಕೆ ವಾಪಸು ಕೊಟ್ಟಾಗಿತ್ತು. ಆ ಪುಟಗಳು ನನಗೆ ಇಂದಿಗೂ ಸಿಕ್ಕಿಲ್ಲ.

ಈಗ ಜರ್ನಲ್ (ಬದಲಾವಣೆಗಳನ್ನು ಮೊದಲೇ ಬರೆದಿಡುವ ದಿನಚರಿ) ಇದೆಯಲ್ಲ ಎನ್ನುತ್ತೀರಿ. ಇದೆ, ಅದು ದೊಡ್ಡ ಉಪಕಾರ. ಬಿಟ್‌ಮ್ಯಾಪ್, ಐನೋಡ್, ಗ್ರೂಪಿನ ಖಾಲಿ ಬ್ಲಾಕ್‌ಗಳ ಮೊತ್ತ ಮೂರನ್ನೂ ಮೊದಲು ಜರ್ನಲಿಗೆ ಬರೆದು, ಕಮಿಟ್ ಆದ ಮೇಲೆ (ಅಂದರೆ ಆ ಬರಹ ಪೂರ್ಣವೆಂದು ಜರ್ನಲಿನಲ್ಲಿ ಮುದ್ರೆ ಬಿದ್ದ ಮೇಲೆ) ಅವುಗಳ ಸ್ವಂತ ಜಾಗಕ್ಕೆ ಇಳಿಸುತ್ತದೆ. ಆದರೆ ಅದರಲ್ಲೂ ಒಂದು ಸೂಕ್ಷ್ಮ ಉಳಿದಿದೆ, ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಇಷ್ಟವಾದ ಭಾಗವೂ ಅದೇ. ಫೈಲ್ ಅಳಿಸಿದಿರಿ, ಆ ಬದಲಾವಣೆಗಳ ಕಟ್ಟು, ಅಂದರೆ ಟ್ರಾನ್ಸಾಕ್ಷನ್, ಇನ್ನೂ ಕಮಿಟ್ ಆಗಿಲ್ಲ. ಮೆಮೊರಿಯ ಬಿಟ್ 0 ಎನ್ನುತ್ತಿದೆ. ಆ ಬ್ಲಾಕನ್ನು ಈಗಲೇ ಹೊಸ ಫೈಲಿಗೆ ಕೊಟ್ಟರೆ ಹೊಸ ಡೇಟಾ ನೇರ ಡಿಸ್ಕಿಗೆ ಹೋಗಬಹುದು. ಅಷ್ಟರಲ್ಲಿ ಕರೆಂಟ್ ಹೋದರೆ ಅಳಿಸಿದ್ದೇ ರದ್ದಾಗಿ ಹಳೆಯ ಫೈಲ್ ಮರಳಿ ಬರುತ್ತದೆ, ಆದರೆ ಅದರ ಹೊಟ್ಟೆಯಲ್ಲಿ ಬೇರೆಯವರ ಡೇಟಾ. ಹೀಗಾಗದಿರಲು ಎಕ್ಸ್ಟ್4 ಬಿಡುಗಡೆಯಾದ ಬ್ಲಾಕ್‌ಗಳನ್ನು ಬೇರೊಂದು ಪಟ್ಟಿಯಲ್ಲಿ ಕಾಯಿಸಿಟ್ಟು, ಕಮಿಟ್ ಆದ ಮೇಲೆಯೇ ಹಂಚಿಕೆಗೆ ಬಿಡುತ್ತದೆ. ಖಾಲಿಯೂ ಅಲ್ಲ, ತುಂಬಿಯೂ ಇಲ್ಲ ಎಂಬ ಈ ಮೂರನೆಯ ಸ್ಥಿತಿಯನ್ನು ಒಂದೇ ಬಿಟ್‌ನಲ್ಲಿ ಹೇಳಲು ಬರುವುದಿಲ್ಲ. ಬರೀ ಅರೇ ಸಾಲದು ಎನ್ನಲು ನಾನು ಕೊಡುವ ಮುಖ್ಯ ಕಾರಣ ಇದು.

ಬಿಟ್‌ಮ್ಯಾಪೇ ಬೇಡವೆಂದವರೂ ಇದ್ದಾರೆ. ಎಕ್ಸ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಮ್ ಖಾಲಿ ಜಾಗವನ್ನು ಎರಡು ಬಿ ಪ್ಲಸ್ ಟ್ರೀಗಳಲ್ಲಿ (ಬೇಗ ಹುಡುಕಲು ಕ್ರಮವಾಗಿ ಜೋಡಿಸಿದ ಕವಲು ಪಟ್ಟಿ) ಇಡುತ್ತದೆ, ಒಂದು ಜಾಗದ ಕ್ರಮಕ್ಕೆ, ಇನ್ನೊಂದು ಗಾತ್ರದ ಕ್ರಮಕ್ಕೆ. ದೊಡ್ಡ ದೊಡ್ಡ ಖಾಲಿ ತುಂಡುಗಳಿರುವ ಡಿಸ್ಕಿಗೆ ಅದು ಒಳ್ಳೆಯದು. ಆದರೂ ಮೊದಲ ಸಲ ಬರೆಯುವವರಿಗೆ ನಾನು ಬಿಟ್‌ಮ್ಯಾಪನ್ನೇ ಹೇಳುತ್ತೇನೆ. ಡಿಸ್ಕಿನ ಗಾತ್ರ ಬದಲಾಗದಿದ್ದರೆ ಅದರ ಗಾತ್ರವೂ ಬದಲಾಗದು, ಕೆಟ್ಟರೆ ಕಣ್ಣಿಗೆ ಕಾಣುತ್ತದೆ.

ಹೇಗೆ ಕಾಣುತ್ತದೆ ಎಂದು ಕಳೆದ ಭಾನುವಾರ ಹಾಸನದ ಹುಡುಗಿಯೊಬ್ಬಳ ಕೈಯಲ್ಲೇ ಮಾಡಿಸಿದೆ. ಡಿಸ್ಕಿನಂತೆ ಬಳಸುವ ಒಂದು ಖಾಲಿ ಇಮೇಜ್ ಫೈಲ್ ಮಾಡಿ, ಅದರಲ್ಲಿ ಎಕ್ಸ್ಟ್4 ಹಾಕಿ, ಒಂದೆರಡು ಫೈಲ್ ತುಂಬಿ ಅನ್‌ಮೌಂಟ್ ಮಾಡಿದಳು. ಫೈಲ್‌ಸಿಸ್ಟಮ್‌ನ ಒಳಗನ್ನು ನೇರವಾಗಿ ನೋಡಿ ತಿದ್ದುವ ಡಿಬಗ್‌ಎಫ್‌ಎಸ್‌ನಲ್ಲಿ ಒಂದು ಫೈಲಿನ ಬ್ಲಾಕ್ ಸಂಖ್ಯೆ ನೋಡಿಕೊಂಡು ಅದರ ಬಿಟ್ 0 ಮಾಡಿದಳು. ಯಾರೂ ಬಳಸದ ಇನ್ನೊಂದು ಬ್ಲಾಕಿನ ಬಿಟ್ 1 ಮಾಡಿದಳು. ಆಮೇಲೆ ಫೈಲ್‌ಸಿಸ್ಟಮ್‌ನ ತಪ್ಪು ಹುಡುಕುವ ಇ2ಎಫ್‌ಎಸ್‌ಸಿಕೆ ಓಡಿಸಿದೆವು. ಅದು ಐನೋಡ್‌ಗಳನ್ನೆಲ್ಲ ಓದಿ ತನ್ನದೇ ಬಿಟ್‌ಮ್ಯಾಪ್ ಕಟ್ಟಿಕೊಂಡು, ಐದನೆಯ ಹಂತದಲ್ಲಿ ಡಿಸ್ಕಿನದಕ್ಕೆ ಹೋಲಿಸುತ್ತದೆ. ತೆರೆಯ ಮೇಲೆ ಎರಡು ಸಂಖ್ಯೆ ಬಂದವು, ಒಂದರ ಹಿಂದೆ ಪ್ಲಸ್, ಇನ್ನೊಂದರ ಹಿಂದೆ ಮೈನಸ್. ಪ್ಲಸ್ ಎಂದರೆ ಬಳಕೆಯಲ್ಲಿದೆ, ಗುರುತಿಲ್ಲ. ಮೈನಸ್ ಎಂದರೆ ಗುರುತಿದೆ, ಬಳಕೆಯಲ್ಲಿಲ್ಲ. ಅವಳು ಸ್ವಲ್ಪ ಹೊತ್ತು ನೋಡಿ, "ಮೇಡಂ, ಹೆದರಬೇಕಾದ್ದು ಈ ಪ್ಲಸ್‌ಗೆ ಅಲ್ವಾ?" ಎಂದಳು. ಹೌದಮ್ಮ, ಪ್ಲಸ್‌ಗೇ.