ಸಿ-ಆರ್ಮ್ ಮೇಲಿನ ಎರಡು ಗೆರೆ

ಹುಬ್ಬಳ್ಳಿಯ ನಮ್ಮ ಓಟಿಯ ಸಿ-ಆರ್ಮ್, ಅಂದರೆ ಆಪರೇಷನ್ ನಡೆಯುವಾಗಲೇ ಎಕ್ಸ್‌ರೇ ತೋರಿಸುವ ಮಶೀನ್ ಮೇಲೆ ನಾನು ಮಾರ್ಕರ್‌ನಿಂದ ಎರಡು ಗೆರೆ ಎಳೆದಿದ್ದೆ. ಒಂದು ಇನ್‌ಲೆಟ್‌ಗೆ, ಅಂದರೆ ಪೆಲ್ವಿಸ್ (ಸೊಂಟದ ಮೂಳೆಗೂಡು) ಅನ್ನು ತಲೆಯ ಕಡೆಯಿಂದ ಓರೆಯಾಗಿ ನೋಡುವ ಚಿತ್ರಕ್ಕೆ. ಇನ್ನೊಂದು ಔಟ್‌ಲೆಟ್‌ಗೆ, ಅಂದರೆ ಕಾಲಿನ ಕಡೆಯಿಂದ ನೋಡುವ ಚಿತ್ರಕ್ಕೆ. ಎರಡೂ 45 ಡಿಗ್ರಿ, ಎಕ್ಸ್‌ರೇ ರೂಮಿನಲ್ಲಿ ಕಲಿತ ಲೆಕ್ಕ. ಹೊಸ ಟೆಕ್ನಿಶಿಯನ್‌ಗಳು ಬಂದರೆ "ಇವು ಪೆಲ್ವಿಸ್ ಗೆರಿ, ಕಣ್ಣ ಮುಚ್ಚಿ ತಿರುಗಸ್ರಿ" ಅಂತ ತೋರಿಸುತ್ತಿದ್ದೆ. ಹೋದ ತಿಂಗಳು ಸ್ಪಿರಿಟ್ ಹಚ್ಚಿ ನಾನೇ ಅವನ್ನು ಒರೆಸಿದೆ.

ಬ್ಯಾಡಗಿ ಕಡೆಯ ಹುಡುಗ. ಮೆಣಸಿನಕಾಯಿ ಚೀಲ ತುಂಬಿದ ಟ್ರೇಲರ್ ಮಗುಚಿ ಕೆಳಗೆ ಸಿಕ್ಕಿದ್ದ. ಪೆಲ್ವಿಸ್ ಮುಂದೆ ಎರಡೂ ರೇಮಸ್ (ಮುಂಭಾಗದ ಮೂಳೆಕಡ್ಡಿ), ಹಿಂದೆ ಸೇಕ್ರಮ್ (ಬೆನ್ನೆಲುಬಿನ ಬುಡದ ಮೂಳೆ) ಒಡೆದಿತ್ತು. ಬರುವಾಗ ಯಾರೋ ಬೆಡ್‌ಶೀಟನ್ನು ಹೊಟ್ಟೆಗೆ ಕಟ್ಟಿ ಕಳಿಸಿದ್ದರು. ಕ್ಯಾಶುವಲ್ಟಿಯಲ್ಲಿ ಅದನ್ನು ಬಿಚ್ಚಿ, ಟ್ರೋಕಾಂಟರ್, ಅಂದರೆ ತೊಡೆಮೂಳೆಯ ಮೇಲ್ಗಂಟಿನ ಮಟ್ಟಕ್ಕೆ ಬೈಂಡರ್ ಪಟ್ಟಿ ಕಟ್ಟಿದರು. ಮೂರು ದಿನ ಬಿಟ್ಟು ಬಿಪಿ ಹದಕ್ಕೆ ಬಂದ ಮೇಲೆ ಕೇಸ್ ಪೋಸ್ಟ್ ಆಯಿತು.

ಪೆಲ್ವಿಸ್‌ನ ಹಿಂಭಾಗಕ್ಕೆ ಪರ್ಕ್ಯುಟೇನಿಯಸ್ ಇಲಿಯೋಸೇಕ್ರಲ್ ಸ್ಕ್ರೂ, ಅಂದರೆ ಚರ್ಮದ ಸಣ್ಣ ತೂತಿನಿಂದ ಸೊಂಟದ ಮೂಳೆ ದಾಟಿ ಸೇಕ್ರಮ್‌ಗೆ ಹೋಗುವ ಸ್ಕ್ರೂ ಅನ್ನುವುದು ಮೊದಲೇ ತೀರ್ಮಾನವಾಗಿತ್ತು. ಮುಂಭಾಗಕ್ಕೆ ಏನು ಹಾಕಬೇಕು ಅನ್ನುವುದಕ್ಕೇ ವಾದ. ನನ್ನನ್ನು ಯಾರೂ ಕೇಳಲಿಲ್ಲ. ಆದರೆ ಲೆಡ್ ಏಪ್ರನ್ ಹೊತ್ತು ಮೂಲೆಯಲ್ಲಿ ನಿಲ್ಲುವವನಿಗೂ ಒಂದು ಅಭಿಪ್ರಾಯ ಇರುತ್ತದಲ್ಲ. ನನ್ನ ಲೆಕ್ಕ ಎಲ್ಲಾ ಎಕ್ಸ್‌ರೇ ಶಾಟ್‌ಗಳಲ್ಲಿ. ಎಕ್ಸ್‌ಫಿಕ್ಸ್, ಅಂದರೆ ಮೂಳೆಗೆ ಪಿನ್ ಹಾಕಿ ಮೈ ಹೊರಗೆ ಕಟ್ಟುವ ಚೌಕಟ್ಟು ಆದರೆ ಖುಷಿ, ನಾಲ್ಕು ಫೋಟೋದಲ್ಲಿ ಮನೆಗೆ ಹೋಗಬಹುದು. ರಕ್ತ ಸುರಿಯುವ ಕೇಸಿಗೆ ಅದೇ ದೇವರು. ಆದರೆ ವಾರ್ಡಿನಲ್ಲಿ ಆ ಪಿನ್‌ಗಳ ಬುಡ ಒಸರುತ್ತದೆ. ಪೇಷೆಂಟ್ ಮಗ್ಗಲಾಗಲು ಆಗದೆ ಒದ್ದಾಡುತ್ತಾನೆ. ರೇಮಸ್ ಸ್ಕ್ರೂ ಆದರೆ ಹೊರಗೆ ಕಾಣುವುದು ಬೆರಳಗಲದ ಗಾಯ, ಒಳಗೆ ಆಗುವುದು ನಮ್ಮ ಸೊಂಟದ ಶ್ರಾದ್ಧ. ಇನ್‌ಲೆಟ್, ಅಬ್ಟುರೇಟರ್ ಔಟ್‌ಲೆಟ್, ಮತ್ತೆ ಇನ್‌ಲೆಟ್. ಮೂರು ತಿಂಗಳಿಗೆ ಮೈಗೆ ಬಿದ್ದ ರೇಡಿಯೇಷನ್ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಕಳಿಸುವಾಗ ಎದೆ ಡವಡವ. ಇನ್‌ಫಿಕ್ಸ್ ನಡುವಿನ ದಾರಿ. ಸ್ಪೈನ್ ಸೆಟ್ಟಿನ ಎರಡು ಪೆಡಿಕಲ್ ಸ್ಕ್ರೂ, ಚರ್ಮದ ಕೆಳಗೆ ಒಂದು ರಾಡ್. ಹುಡುಗ ಎದ್ದು ಕೂರಬಹುದು, ಪ್ಯಾಂಟ್ ಹಾಕಬಹುದು. ತೊಡೆಯ ಹೊರಭಾಗ ಜುಮ್ ಅನ್ನುವುದು, ರಾಡ್ ಜಾಸ್ತಿ ಒಳಗೆ ಒತ್ತಿದರೆ ಫೀಮೊರಲ್ ನರಕ್ಕೆ ಪೆಟ್ಟು, ಮೂಳೆ ಕೂಡಿದ ಮೇಲೆ ರಾಡ್ ತೆಗೆಯಲು ಇನ್ನೊಂದು ಆಪರೇಷನ್, ಇವು ಅದರ ಜೊತೆಗೇ ಬರುವ ಬಾಲ. ಅವತ್ತು ಇನ್‌ಫಿಕ್ಸೇ ಗೆದ್ದಿತು. ಮುಂಭಾಗದ ಕೆಲಸ ಸಲೀಸಾಗಿ ಮುಗಿಯಿತು. ಅಲ್ಲೇ ನನಗೆ ಧೈರ್ಯ ಜಾಸ್ತಿ ಆಗಿದ್ದು.

ನಮ್ಮದು ನಡುವೆ ಕಂಬ ಇರುವ ಹಳೇ ಟೇಬಲ್. ಪೇಷೆಂಟ್‌ನನ್ನು ತಲೆಕೆಳಗು ಮಾಡಿ, ಅಂದರೆ ಕಾಲಿನ ಕಡೆ ತಲೆ ಹಾಕಿ ಮಲಗಿಸಿದರೆ ಮಾತ್ರ ಸಿ-ಆರ್ಮ್ ಕೆಳಗೆ ನುಗ್ಗುತ್ತದೆ. ಕಾರ್ಬನ್ ಟೇಬಲ್‌ಗೆ ಮೂರು ಸಲ ಕೊಟೇಶನ್ ಕೊಟ್ಟಿದ್ದೇವೆ. ರಿಸೆಪ್ಶನ್‌ಗೆ ಮೀನಿನ ತೊಟ್ಟಿ ಬಂತು, ಟೇಬಲ್ ಬರಲಿಲ್ಲ.

ದೊಡ್ಡ ಸರ್ ಊರಲ್ಲಿರಲಿಲ್ಲ. ಅವರಿದ್ದರೆ "ಇಳಸು, ಇನ್ನೊಂಚೂರು, ಹಾಂ" ಅಂತ ನನ್ನ ಗೆರೆಯನ್ನು ಪ್ರತಿ ಸಲ ತಿದ್ದುತ್ತಿದ್ದರು. ಗೆರೆಯೇ ತಪ್ಪಿರಬಹುದು ಅಂತ ಇಷ್ಟು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ. ಅವತ್ತು ಕೈ ಹಾಕಿದ್ದು ಚಿಕ್ಕ ಸರ್. ಬೆಳಿಗ್ಗೆಯೇ ಹೇಳಿದ್ದರು, "ಸಿಟಿ ಸ್ಕ್ಯಾನಿನ ಮಗ್ಗಲ ನೋಟ, ಸ್ಯಾಜಿಟಲ್ ನೋಡಿ ಆ್ಯಂಗಲ್ ಬರಕೋರಿ." ನಾನು "ಹೂನ್ರಿ" ಅಂದು ಚಹಾ ಕುಡಿಯಲು ಹೋಗಿದ್ದೆ.

ಹಿಂಭಾಗದ ಸ್ಕ್ರೂಗೆ ದಾರಿ ತೋರಿಸುವ ಗೈಡ್ ವೈರ್ ಹೋಯಿತು. ಇನ್‌ಲೆಟ್‌ನಲ್ಲಿ ನೆಟ್ಟಗೆ. ಔಟ್‌ಲೆಟ್‌ನಲ್ಲಿ ಎಸ್1, ಅಂದರೆ ಸೇಕ್ರಮ್‌ನ ಮೊದಲ ತುಂಡಿನ ನರದ ರಂಧ್ರಕ್ಕಿಂತ ಮೇಲೆ. ಚಿತ್ರ ಸ್ವಲ್ಪ ವಿಚಿತ್ರವಾಗಿತ್ತು, ಸುಳ್ಳು ಹೇಳುವುದಿಲ್ಲ. ಸೇಕ್ರಮ್ ತಲೆ ಇಲಿಯಾಕ್ ಕ್ರೆಸ್ಟ್, ಅಂದರೆ ಸೊಂಟದ ಮೂಳೆಯ ಮೇಲಂಚಿನ ಮಟ್ಟಕ್ಕೇ ಬಂದು ಕೂತಿತ್ತು. ರಂಧ್ರಗಳು ದುಂಡಗಿರಲಿಲ್ಲ. ಕಣ್ಣಿಗೆ ಬಿತ್ತು, ಹೊಟ್ಟೆಯ ಗ್ಯಾಸ್ ಇರಬೇಕು ಅಂತ ಬಿಟ್ಟೆ.

"ಲ್ಯಾಟರಲ್ ಕೊಡ್ರಿ" ಅಂದರು ಸರ್.

ಲ್ಯಾಟರಲ್ ಅಂದರೆ ಮಗ್ಗುಲಿನಿಂದ ತೆಗೆಯುವ ಚಿತ್ರ. ಅದಕ್ಕೆ ಡ್ರೇಪ್ ಎತ್ತಬೇಕು, ಮಶೀನ್ ಹೊರಗೆ ಎಳೆಯಬೇಕು, ಕಂಬ ತಪ್ಪಿಸಿ ಮತ್ತೆ ಸೇರಿಸಬೇಕು. ಮಧ್ಯಾಹ್ನ ಮೂರಾಗಿತ್ತು, ನಮ್ಮ ಊಟ ಆಗಿರಲಿಲ್ಲ. ನನ್ನ ಬಾಯಿಂದ ಬಂದೇ ಬಿಟ್ಟಿತು: "ಬೇಕನ್ರಿ ಸರ? ಎರಡೂ ಚಲೋ ಬಂದಾವು."

ಅವರು ಡ್ರಿಲ್ ಹಿಡಿದೇ ನನ್ನ ಕಡೆ ನೋಡಿದರು. ನನ್ನದು ಇಲ್ಲಿ ಹದಿನಾಲ್ಕು ವರ್ಷದ ಸರ್ವಿಸ್, ಅವರು ಬಂದು ಎರಡು ವರ್ಷ. ನನ್ನ ಮಾತು ಅವರೊಳಗೆ ಇಳಿಯುತ್ತಿರುವುದು ಮಾಸ್ಕಿನ ಮೇಲಿನ ಕಣ್ಣಲ್ಲೇ ಕಾಣುತ್ತಿತ್ತು. ಕೈ ಒಮ್ಮೆ ಮುಂದಕ್ಕೆ ಹೋಯಿತು. ಸಿಸ್ಟರ್ ಆಗಲೇ 7.3 ಮಿ.ಮೀ. ಸ್ಕ್ರೂ ಅಳೆಯುತ್ತಿದ್ದರು. ಆಮೇಲೆ ಡ್ರಿಲ್ ಟ್ರೇ ಮೇಲೆ ಇಟ್ಟ ಶಬ್ದ.

"ಬೇಕು. ತಿರುಗಸ್ರಿ."

ಗೊಣಗುತ್ತಲೇ ತಿರುಗಿಸಿದೆ. ಪೆಡಲ್ ಒತ್ತಿದೆ. ವೈರ್‌ನ ತುದಿ ಅಲಾದ, ಅಂದರೆ ಸೇಕ್ರಮ್‌ನ ರೆಕ್ಕೆಯ ಇಳಿಜಾರಿನ ಗೆರೆಗಿಂತ ಮುಂದಿತ್ತು. ಮೂಳೆಯ ಒಳಗಲ್ಲ, ಹೊರಗೆ. ಕಾಲಿನ ಹೆಬ್ಬೆರಳು ಎತ್ತಿಸುವ ಎಲ್5 ನರ ಹಾಯುವುದು ಅಲ್ಲೇ. ಓಟಿಯಲ್ಲಿ ಮಾನಿಟರಿನ ಬೀಪ್ ಬಿಟ್ಟರೆ ಏನೂ ಇಲ್ಲ. ಅನಸ್ತೇಶಿಯಾ ಮೇಡಂ ಮೊಬೈಲ್ ಕೆಳಗಿಟ್ಟರು.

"ಸಿಟಿ ನೋಡಿದ್ರೇನು?"

"ಇಲ್ರಿ ಸರ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ವೈರ್ ಎಳೆದು, ಸಿಟಿ ತೆರೆಸಿದರು. ಡಿಸ್ಮಾರ್ಫಿಕ್ ಸೇಕ್ರಮ್, ಅಂದರೆ ಹುಟ್ಟಿನಿಂದಲೇ ಆಕಾರ ಬೇರೆ ಇರುವುದು. ಅಂಥವರಲ್ಲಿ ಎಸ್1ರಲ್ಲಿ ಅಡ್ಡ ಹೋಗಲು ಜಾಗ ಕಿರಿದು, ಎಸ್2ರಲ್ಲಿ ಅಗಲ. ಇನ್‌ಲೆಟ್ ಕೋನ ಸ್ಕ್ರೀನ್ ಮೇಲೆ ಅಳೆದರೆ ಇಪ್ಪತ್ತೆರಡು. ನಾನು ಕೊಡುತ್ತಿದ್ದದ್ದು ಅದರ ಡಬಲ್. ಎಸ್1, ಎಸ್2ರ ಮುಂದಿನ ಅಂಚು ಒಂದರ ಮೇಲೊಂದು ಕೂತರೇ ಅದು ಇನ್‌ಲೆಟ್. ನನ್ನ ಚಿತ್ರದಲ್ಲಿ ಯಾವುದು ಯಾವುದರ ಅಂಚು ಅಂತಲೇ ಗೊತ್ತಾಗುವಂತಿರಲಿಲ್ಲ. ಆದರೂ "ಚಲೋ ಬಂದಾವು" ಅಂದಿದ್ದೆ. ಫೋಟೋ ಹೊಳಪಾಗಿತ್ತು, ಅಷ್ಟೇ.

ಎಸ್2ರಲ್ಲಿ ಸ್ಕ್ರೂ ಕೂತಾಗ ನಾಲ್ಕೂವರೆ. ಲ್ಯಾಟರಲ್ ಮೂರು ಸಲ ಕೊಟ್ಟೆ, ಕೇಳುವ ಮೊದಲೇ.

ಈಗ ಪೆಲ್ವಿಸ್ ಪೋಸ್ಟ್ ಆದರೆ ಹಿಂದಿನ ಸಂಜೆಯೇ ಸಿಟಿ ತೆರೆದು ಎರಡು ಕೋನ ಅಳೆದು ಸರ್‌ಗೆ ತೋರಿಸಿ, ಚೀಟಿಯಲ್ಲಿ ಬರೆದು ಮಶೀನಿಗೆ ಅಂಟಿಸುತ್ತೇನೆ. ಕೇಸ್ ಮುಗಿದ ಮೇಲೆ ಕಿತ್ತು ಬಿಸಾಡುತ್ತೇನೆ. ಸ್ಟೋರಿನವರು "ಟೇಪ್ ಬಹಳ ಖರ್ಚಾಗಾಕತ್ತೇತಿ" ಅಂತ ಆಗಲೇ ಕೇಳಿದ್ದಾರೆ.

ಮರುದಿನ ಡ್ಯೂಟಿ ಶುರುವಾಗುವ ಮೊದಲೇ ವಾರ್ಡಿಗೆ ಹೋದೆ. ಅಲ್ಲಿ ನನಗೆ ಕೆಲಸ ಇರಲಿಲ್ಲ. ಹುಡುಗ ಇಡ್ಲಿ ತಿನ್ನುತ್ತಿದ್ದ. ಚಾದರ ಸರಿಸಿ, ಕಾಲಿನ ಹೆಬ್ಬೆರಳು ಎತ್ತು ಅಂದೆ. ಎತ್ತಿದ. ಇನ್ನೊಮ್ಮೆ ಅಂದೆ. ಮತ್ತೆ ಎತ್ತಿದ.

"ಮುರದದ್ದು ಸೊಂಟರೀ," ಅಂದ, "ನೀವ್ಯಾಕ ಬೆರಳ ನೋಡಾಕತ್ತೀರಿ?"

"ಸುಮ್ನರೀ" ಅಂದೆ.