ಲ್ಯಾಪ್‌ಟಾಪ್ ಡ್ರೈವರ್‌ಗಳು: ಯಾವುದನ್ನು ಎಲ್ಲಿಂದ ತರಬೇಕು, ಯಾವುದರ ತಂಟೆಗೆ ಹೋಗಬಾರದು

ಲ್ಯಾಪ್‌ಟಾಪ್‌ನ ಒಂದೊಂದು ಸಾಧನವನ್ನೂ ವಿಂಡೋಸ್ ನಡೆಸುವಂತೆ ಮಾಡುವ ತಂತ್ರಾಂಶವೇ ಡ್ರೈವರ್. ಈ ಸಾಧನಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್‌ನಲ್ಲಿ ಒಂದು ಸಾಧನದ ಮೇಲೆ ರೈಟ್ ಕ್ಲಿಕ್ ಮಾಡಿ ‘ಅಪ್‌ಡೇಟ್ ಡ್ರೈವರ್’ ಒತ್ತಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: ಅತ್ಯುತ್ತಮ ಡ್ರೈವರ್ ಈಗಾಗಲೇ ಇದೆ. ಈ ಮಾತನ್ನು ನಂಬಿ ಕೂರಬೇಡಿ. ವಿಂಡೋಸ್ 10ರ ಕೊನೆಕೊನೆಯ ಆವೃತ್ತಿಗಳಲ್ಲೂ 11ರಲ್ಲೂ ಆ ಬಟನ್ ಇಂಟರ್‌ನೆಟ್‌ಗೆ ಹೋಗುವುದೇ ಇಲ್ಲ. ನಿಮ್ಮ ಡಿಸ್ಕ್‌ನಲ್ಲಿ ಮೊದಲೇ ಇರುವ ಡ್ರೈವರ್‌ಗಳ ದಾಸ್ತಾನಿನಲ್ಲಷ್ಟೇ ಹುಡುಕಿ ಸುಮ್ಮನಾಗುತ್ತದೆ. ಹೊಸದು ಬಂದಿದೆಯೇ ಎಂದು ನೋಡಬೇಕಾದ ಜಾಗ ಬೇರೆ. ವಿಂಡೋಸ್ 11ರಲ್ಲಾದರೆ ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್, ಅದರೊಳಗೆ ಅಡ್ವಾನ್ಸ್ಡ್ ಆಪ್ಷನ್ಸ್, ಅದರೊಳಗೆ ಆಪ್ಷನಲ್ ಅಪ್‌ಡೇಟ್ಸ್. ಅಲ್ಲಿರುವ ಡ್ರೈವರ್ ಪಟ್ಟಿಯನ್ನು ಕಂಡಕೂಡಲೇ ಎಲ್ಲಕ್ಕೂ ಟಿಕ್ ಹಾಕಬೇಕಿಲ್ಲ. ನಿರ್ದಿಷ್ಟ ತೊಂದರೆ ಇದ್ದವರಿಗೆ ಇದರಿಂದ ಉಪಯೋಗವಾಗಬಹುದು ಎಂದು ಮೈಕ್ರೋಸಾಫ್ಟೇ ಆ ಪುಟದಲ್ಲಿ ಹೇಳುತ್ತದೆ. ಹೆಸರಲ್ಲೇ ‘ಆಪ್ಷನಲ್’ ಎಂದಿದೆಯಲ್ಲ.

ಇನ್ನೊಂದು ಗಾಬರಿ ದಿನಾಂಕದ್ದು. ಸಾಧನದ ಪ್ರಾಪರ್ಟೀಸ್‌ನಲ್ಲಿ ಡ್ರೈವರ್ ಟ್ಯಾಬ್ ತೆರೆದು ನೋಡಿದರೆ 2006ರ ಜೂನ್ 21 ಎಂದಿರುತ್ತದೆ. ಇಷ್ಟು ಹಳೆಯದೇ ಎಂದು ಬದಲಿಸಲು ಹೊರಡುವವರಿದ್ದಾರೆ. ಅದು ವಿಂಡೋಸ್ ಜೊತೆಗೇ ಬರುವ ಮೈಕ್ರೋಸಾಫ್ಟ್ ಡ್ರೈವರ್‌ಗಳಿಗೆ ಬೇಕೆಂದೇ ಹಾಕಿದ ತಾರೀಖು. ಒಂದು ಸಾಧನಕ್ಕೆ ಎರಡು ಡ್ರೈವರ್ ಸಮನಾಗಿ ಹೊಂದಿದರೆ ವಿಂಡೋಸ್ ತಾರೀಖು ನೋಡಿ ಹೊಸದನ್ನು ಆರಿಸುತ್ತದೆ. ತಯಾರಕರು ಕೊಟ್ಟ ಡ್ರೈವರನ್ನು ತನ್ನ ಸಾಮಾನ್ಯ ಡ್ರೈವರ್ ಪಕ್ಕಕ್ಕೆ ತಳ್ಳದಿರಲಿ ಎಂದು ಮೈಕ್ರೋಸಾಫ್ಟ್ ತನ್ನದಕ್ಕೆ ಹಳೆಯ ದಿನಾಂಕ ಕೊಟ್ಟಿದೆ. ಇಂಟೆಲ್ ಚಿಪ್‌ಸೆಟ್ (ಪ್ರೊಸೆಸರನ್ನು ಉಳಿದ ಭಾಗಗಳಿಗೆ ಜೋಡಿಸುವ ಚಿಪ್‌ಗಳು) ಫೈಲುಗಳಲ್ಲಿ ಇದಕ್ಕಿಂತ ತಮಾಷೆ: 1968ರ ಜುಲೈ 18, ಅಂದರೆ ಇಂಟೆಲ್ ಕಂಪನಿ ಹುಟ್ಟಿದ ದಿನ. ಆ ಫೈಲುಗಳು ಸಾಧನಗಳಿಗೆ ಸರಿಯಾದ ಹೆಸರು ಕೊಡುತ್ತವೆಯೇ ಹೊರತು ವೇಗ ಹೆಚ್ಚಿಸುವುದಿಲ್ಲ. ಆದ್ದರಿಂದ ದಿನಾಂಕ ಬಿಟ್ಟು ಆವೃತ್ತಿ ಸಂಖ್ಯೆ ನೋಡಿ.

ಡ್ರೈವರ್ ವಿಷಯದಲ್ಲಿ ‘ಎಷ್ಟು ಹೊಸದು’ ಎಂಬುದಕ್ಕಿಂತ ‘ಯಾರು ಕೊಟ್ಟದ್ದು’ ಎಂಬುದು ಮುಖ್ಯ. ಲ್ಯಾಪ್‌ಟಾಪ್‌ನಲ್ಲಂತೂ ಇನ್ನೂ ಹೆಚ್ಚು.

ಲ್ಯಾಪ್‌ಟಾಪ್ ಕಂಪನಿಯಿಂದಲೇ ತರಬೇಕಾದವು

ಆಡಿಯೊ ಇದರಲ್ಲಿ ಮೊದಲನೆಯದು. ಎರಡು ಬೇರೆ ಮಾಡೆಲ್‌ಗಳಲ್ಲಿ ಒಂದೇ ರಿಯಲ್‌ಟೆಕ್ ಚಿಪ್ ಇರಬಹುದು. ಆದರೆ ಸ್ಪೀಕರ್ ಎಷ್ಟು, ಆಂಪ್ಲಿಫೈಯರ್ ಯಾವುದು, ಮೈಕ್ ಎಲ್ಲಿದೆ, ಹೆಡ್‌ಫೋನ್ ಜಾಕ್ ಹೇಗೆ ಗುರುತಾಗಬೇಕು ಎಂಬುದೆಲ್ಲ ಆಯಾ ಮಾಡೆಲ್‌ಗೆ ಹೊಂದಿಸಿದ ಫೈಲುಗಳಲ್ಲಿರುತ್ತದೆ. ಎಲ್ಲಿಂದಲೋ ತಂದ ಹೊಸ ರಿಯಲ್‌ಟೆಕ್ ಡ್ರೈವರ್ ಹಾಕಿದ ಮೇಲೆ ದನಿ ತೆಳುವಾಯಿತು, ಜಾಕ್ ಚುಚ್ಚಿದರೂ ಸ್ಪೀಕರ್‌ನಲ್ಲೇ ಹಾಡು ಬರುತ್ತದೆ ಎಂಬ ದೂರುಗಳ ಮೂಲ ಇಲ್ಲಿದೆ. ಈಚಿನ ಡ್ರೈವರ್‌ಗಳಲ್ಲಿ ನಿಯಂತ್ರಣದ ಆ್ಯಪ್ ಪ್ರತ್ಯೇಕವಾಗಿ ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಬರುತ್ತದೆ. ಡ್ರೈವರ್ ಮತ್ತು ಆ್ಯಪ್ ಒಂದಕ್ಕೊಂದು ಹೊಂದದಿದ್ದರೆ ಆ್ಯಪ್ ತೆರೆಯುವುದೇ ಇಲ್ಲ. ಆಡಿಯೊ ಸರಿಯಾಗಿ ಕೇಳಿಸುತ್ತಿದ್ದರೆ ಅದನ್ನು ಮುಟ್ಟದಿರುವುದೇ ಜಾಣತನ.

ಫಿಂಗರ್‌ಪ್ರಿಂಟ್ ರೀಡರ್, ಬೆಳಕು-ದನಿ ಹೊಂದಿಸುವ ಹಾಟ್‌ಕೀ, ಫ್ಯಾನ್ ಮತ್ತು ಬಿಸಿ ನಿಯಂತ್ರಿಸುವ ಇಂಟೆಲ್ ಡೈನಾಮಿಕ್ ಟ್ಯೂನಿಂಗ್, ವಿಂಡೋಸ್‌ಗಿಂತ ಮೊದಲೇ ಓಡಿ ಯಂತ್ರವನ್ನು ಶುರುಮಾಡುವ ಬಯಾಸ್ ಇವೂ ಇದೇ ಗುಂಪಿಗೆ ಸೇರಿದವು. ಕಂಪನಿಯ ಸಪೋರ್ಟ್ ಪುಟದಲ್ಲಿ ಮಾಡೆಲ್ ಹೆಸರು ಹಾಕಿ ಹುಡುಕಬೇಡಿ. ಒಂದೇ ಹೆಸರಿನಲ್ಲಿ ಎರಡು ಮೂರು ಬಗೆಯ ವೈಫೈ ಕಾರ್ಡ್, ಟಚ್‌ಪ್ಯಾಡ್ ಹಾಕಿ ಮಾರುತ್ತಾರೆ. ಸೀರಿಯಲ್ ನಂಬರ್ ಹಾಕಿ. ಡೆಲ್‌ನಲ್ಲಿ ಇದರ ಹೆಸರು ಸರ್ವಿಸ್ ಟ್ಯಾಗ್, ಏಳು ಅಕ್ಷರಗಳದ್ದು. ಲ್ಯಾಪ್‌ಟಾಪ್‌ನ ಅಡಿಯ ಸ್ಟಿಕರ್ ಮಾಸಿಹೋಗಿದ್ದರೆ ಬಯಾಸ್‌ನ ಮೊದಲ ಪರದೆಯಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಹುಡುಕುವ ಉಸಾಬರಿ ಬೇಡ ಎನ್ನುವವರಿಗೆ ಕಂಪನಿಗಳದೇ ಆ್ಯಪ್‌ಗಳಿವೆ: ಡೆಲ್ ಕಮಾಂಡ್ ಅಪ್‌ಡೇಟ್ ಅಥವಾ ಸಪೋರ್ಟ್ ಅಸಿಸ್ಟ್, ಲೆನೊವೊ ವಾಂಟೇಜ್, ಎಚ್‌ಪಿ ಸಪೋರ್ಟ್ ಅಸಿಸ್ಟೆಂಟ್, ಮೈಆಸುಸ್. ಜಾಹೀರಾತು, ವಾರಂಟಿ ವಿಸ್ತರಣೆಯ ಕಿರಿಕಿರಿ ಇವುಗಳಲ್ಲಿ ಇದ್ದದ್ದೇ. ಆದರೂ ನಿಮ್ಮ ಯಂತ್ರಕ್ಕೆ ಸರಿಹೊಂದುವುದನ್ನೇ ತೋರಿಸುತ್ತವೆ.

ಗ್ರಾಫಿಕ್ಸ್ ಮತ್ತು ವೈಫೈ

ಈ ಎರಡಕ್ಕೆ ಮಾತ್ರ ನೇರವಾಗಿ ಚಿಪ್ ತಯಾರಕರ ಬಳಿ ಹೋಗುವುದರಲ್ಲಿ ಅರ್ಥವಿದೆ, ಏಕೆಂದರೆ ಲ್ಯಾಪ್‌ಟಾಪ್ ಕಂಪನಿಗಳು ಮಾರಿದ ಒಂದೆರಡು ವರ್ಷದ ನಂತರ ಇವುಗಳ ಹೊಸ ಆವೃತ್ತಿಯನ್ನು ತಮ್ಮ ಪುಟದಲ್ಲಿ ಏರಿಸುವುದನ್ನೇ ಬಿಟ್ಟುಬಿಡುವುದುಂಟು. ಇಂಟೆಲ್‌ನ ಡ್ರೈವರ್ ಅಂಡ್ ಸಪೋರ್ಟ್ ಅಸಿಸ್ಟೆಂಟ್ ಗ್ರಾಫಿಕ್ಸ್, ವೈಫೈ, ಬ್ಲೂಟೂತ್ ಮೂರನ್ನೂ ನೋಡಿಕೊಳ್ಳುತ್ತದೆ. ಎಎಂಡಿಗೆ ಅಡ್ರಿನಲಿನ್, ಎನ್ವಿಡಿಯಾಕ್ಕೆ ಎನ್ವಿಡಿಯಾ ಆ್ಯಪ್. ಎನ್ವಿಡಿಯಾದಲ್ಲಿ ಗೇಮ್ ರೆಡಿ, ಸ್ಟುಡಿಯೊ ಎಂದು ಎರಡು ಸಾಲುಗಳಿವೆ. ಹೊಸ ಗೇಮ್ ಬಂದ ದಿನವೇ ಆಡಬೇಕೆನ್ನುವವರಿಗೆ ಮೊದಲನೆಯದು, ವಿಡಿಯೊ ಎಡಿಟಿಂಗ್‌ನಂಥ ಕೆಲಸ ನಡುವೆ ನಿಲ್ಲಬಾರದು ಎನ್ನುವವರಿಗೆ ಎರಡನೆಯದು.

ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಮೊದಲು ಪ್ರೊಸೆಸರ್ ಒಳಗಿನದ್ದನ್ನು ಹೊಸದು ಮಾಡಿ ರೀಸ್ಟಾರ್ಟ್ ಮಾಡಿ, ಆಮೇಲೆ ಎನ್ವಿಡಿಯಾ ಅಥವಾ ರೇಡಿಯಾನ್‌ಗೆ ಹೋಗಿ. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಪರದೆ ಒಳಗಿನ ಗ್ರಾಫಿಕ್ಸ್‌ಗೇ ಜೋಡಣೆಯಾಗಿರುತ್ತದೆ. ಅದು ಹಳೆಯದಾಗಿಯೇ ಉಳಿದರೆ ದೊಡ್ಡ ಕಾರ್ಡ್‌ನ ಹೊಸ ಡ್ರೈವರ್ ಇದ್ದೂ ಪರದೆ ಮಿನುಗುವುದು, ಸ್ಲೀಪ್‌ನಿಂದ ಎದ್ದಾಗ ಕಪ್ಪಾಗುವುದು ನಿಲ್ಲದಿರಬಹುದು.

ಪದೇ ಪದೇ ಕೆಟ್ಟರೆ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಎಂಬ ಉಚಿತ ತಂತ್ರಾಂಶ ಹಳೆಯದನ್ನು ಬೇರುಸಹಿತ ಕೀಳುತ್ತದೆ. ಹೊಸ ಡ್ರೈವರನ್ನು ಮೊದಲೇ ಇಳಿಸಿಟ್ಟುಕೊಂಡು, ಇಂಟರ್‌ನೆಟ್ ಕಡಿದು, ಸೇಫ್ ಮೋಡ್‌ನಲ್ಲಿ (ಅತ್ಯಗತ್ಯ ಡ್ರೈವರ್‌ಗಳಷ್ಟೇ ಓಡುವ ಸ್ಥಿತಿ) ನಡೆಸಬೇಕು. ಇಂಟರ್‌ನೆಟ್ ಇದ್ದರೆ ನೀವು ಹಳೆಯದನ್ನು ಕಿತ್ತು ಹೊಸದನ್ನು ಹಾಕುವ ನಡುವಿನ ಆ ಒಂದೆರಡು ನಿಮಿಷದಲ್ಲೇ ವಿಂಡೋಸ್ ಅಪ್‌ಡೇಟ್ ತನ್ನದೊಂದು ಡ್ರೈವರ್ ತಂದು ಕೂರಿಸುತ್ತದೆ.

ವೈಫೈ ಕಾರ್ಡ್ ರಿಯಲ್‌ಟೆಕ್ ಅಥವಾ ಮೀಡಿಯಾಟೆಕ್‌ನದ್ದಾದರೆ ಲ್ಯಾಪ್‌ಟಾಪ್ ಕಂಪನಿಯ ಪುಟವೇ ಗತಿ.

ಹಳದಿ ಗುರುತು ಬಂದಾಗ

ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ತ್ರಿಕೋನಗಳು ಕಾಣುತ್ತವೆ. ಅದರ ಪ್ರಾಪರ್ಟೀಸ್‌ನಲ್ಲಿ ಕೋಡ್ 28 ಇದ್ದರೆ ಡ್ರೈವರೇ ಇಲ್ಲ ಎಂದರ್ಥ. ಕೋಡ್ 10 ಅಂದರೆ ಡ್ರೈವರ್ ಇದೆ, ಸಾಧನ ಶುರುವಾಗುತ್ತಿಲ್ಲ. ಕೋಡ್ 43 ಅಂದರೆ ಸಾಧನವೇ ತೊಂದರೆ ಇದೆಯೆಂದು ಹೇಳಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ. ಹೊಸ ಡ್ರೈವರ್ ಹಾಕಿದರೂ ಇದು ಹೋಗದಿದ್ದರೆ ಹಾರ್ಡ್‌ವೇರ್ ಮೇಲೆ ಅನುಮಾನಪಡಿ. ಕೋಡ್ 52 ಡಿಜಿಟಲ್ ಸಹಿಯ ತಕರಾರು. ಅಂಥ ಡ್ರೈವರ್‌ಗಾಗಿ ಸಹಿ ಪರೀಕ್ಷೆಯನ್ನೇ ಆಫ್ ಮಾಡಿ ಎನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ, ಕಿವಿಗೊಡಬೇಡಿ.

ಸಾಧನದ ಹೆಸರುಗಳೂ ಸುಳಿವು ಕೊಡುತ್ತವೆ. ‘ಪಿಸಿಐ ಸಿಂಪಲ್ ಕಮ್ಯುನಿಕೇಷನ್ಸ್ ಕಂಟ್ರೋಲರ್’ ಎಂದಿದ್ದರೆ ಬೇಕಿರುವುದು ಸಾಮಾನ್ಯವಾಗಿ ಇಂಟೆಲ್ ಮ್ಯಾನೇಜ್‌ಮೆಂಟ್ ಎಂಜಿನ್ ಡ್ರೈವರ್. ‘ಎಸ್ಎಂ ಬಸ್ ಕಂಟ್ರೋಲರ್’ ಕಂಡರೆ ಚಿಪ್‌ಸೆಟ್. ‘ಪಿಸಿಐ ಡೇಟಾ ಅಕ್ವಿಸಿಷನ್ ಅಂಡ್ ಸಿಗ್ನಲ್ ಪ್ರೊಸೆಸಿಂಗ್ ಕಂಟ್ರೋಲರ್’ ಎಂಬ ಉದ್ದನೆಯ ಹೆಸರು ಹೆಚ್ಚಾಗಿ ಡೈನಾಮಿಕ್ ಟ್ಯೂನಿಂಗ್‌ನದ್ದು. ಬರೀ ‘ಅನ್‌ನೋನ್ ಡಿವೈಸ್’ ಎಂದಿದ್ದರೆ ಡೀಟೇಲ್ಸ್ ಟ್ಯಾಬ್‌ನಲ್ಲಿ ಹಾರ್ಡ್‌ವೇರ್ ಐಡಿ ಆರಿಸಿ. ಅಲ್ಲಿ ವಿಇಎನ್ (VEN) ಎಂಬುದರ ಮುಂದಿರುವ ನಾಲ್ಕು ಅಕ್ಷರ ತಯಾರಕರ ಗುರುತು: 8086 ಇಂಟೆಲ್, 1002 ಎಎಂಡಿ, 10ಡಿಇ ಎನ್ವಿಡಿಯಾ, 10ಇಸಿ ರಿಯಲ್‌ಟೆಕ್. ಆ ಐಡಿಯನ್ನು ಹಾಗೇ ನಕಲಿಸಿ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್ ತಾಣದಲ್ಲಿ ಹುಡುಕಿದರೆ ಕ್ಯಾಬ್ ಫೈಲ್ ಸಿಗುತ್ತದೆ. ಅದನ್ನು ಬಿಚ್ಚಿ ಒಂದು ಫೋಲ್ಡರ್‌ಗೆ ಹಾಕಿ, ‘ಅಪ್‌ಡೇಟ್ ಡ್ರೈವರ್’ನ ಎರಡನೇ ಆಯ್ಕೆಯಿಂದ ಆ ಫೋಲ್ಡರನ್ನು ತೋರಿಸಿ.

ಟಚ್‌ಪ್ಯಾಡ್ ಸತ್ತಂತಿದ್ದರೆ ಜನ ಟಚ್‌ಪ್ಯಾಡ್ ಡ್ರೈವರ್ ಹುಡುಕುತ್ತಾರೆ. ಈಗಿನ ಪ್ರಿಸಿಷನ್ ಟಚ್‌ಪ್ಯಾಡ್‌ಗೆ ವಿಂಡೋಸ್‌ನ ಒಳಗಿರುವ ಡ್ರೈವರೇ ಸಾಕು. ಇಂಟೆಲ್ ಯಂತ್ರಗಳಲ್ಲಿ ಕಾಣೆಯಾಗಿರುವುದು ಬಹುತೇಕ ಅದರ ದಾರಿ, ಅಂದರೆ ಸೀರಿಯಲ್ ಐಒ ಡ್ರೈವರ್. ಅದನ್ನು ಹಾಕಿ, ರೀಸ್ಟಾರ್ಟ್ ಮಾಡಿ. ಅಲ್ಲಿಯವರೆಗೆ ಒಂದು ಯುಎಸ್‌ಬಿ ಮೌಸ್ ಇಟ್ಟುಕೊಳ್ಳಿ.

ವೈಫೈಯೇ ಕಾಣದಿದ್ದರೆ ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಇದಕ್ಕೆ ಬೇಕಾದ ಡ್ರೈವರ್ ವಿಂಡೋಸ್‌ನಲ್ಲೇ ಇದೆ. ಇಂಟೆಲ್ 11ನೇ ತಲೆಮಾರು ಮತ್ತು ಅದರ ನಂತರದ ಕೆಲವು ಯಂತ್ರಗಳಲ್ಲಿ ವಿಂಡೋಸ್ ಇನ್‌ಸ್ಟಾಲ್ ಮಾಡುವಾಗ ಎಸ್ಎಸ್‌ಡಿಯೇ ಕಾಣುವುದಿಲ್ಲ. ಡಿಸ್ಕ್ ಹಾಳಾಗಿಲ್ಲ, ವಿಎಂಡಿ ಎಂಬ ನಿಯಂತ್ರಕದ ಹಿಂದೆ ಇದೆ, ಅಷ್ಟೇ. ರ‍್ಯಾಪಿಡ್ ಸ್ಟೋರೇಜ್ ಡ್ರೈವರನ್ನು ಬಿಚ್ಚಿದ ಫೋಲ್ಡರ್ ರೂಪದಲ್ಲಿ ಪೆನ್‌ಡ್ರೈವ್‌ಗೆ ಹಾಕಿಕೊಂಡು, ಡಿಸ್ಕ್ ಆರಿಸುವ ಪರದೆಯಲ್ಲಿ ‘ಲೋಡ್ ಡ್ರೈವರ್’ ಕೊಡಿ. ಈಗಾಗಲೇ ಓಡುತ್ತಿರುವ ವಿಂಡೋಸ್ ಇದ್ದಾಗ ಮಾತ್ರ ಬಯಾಸ್‌ಗೆ ಹೋಗಿ ವಿಎಂಡಿ ಆಫ್ ಮಾಡಬೇಡಿ, ಅದು ಬೂಟ್ ಆಗದೆ ನಿಲ್ಲಬಹುದು.

ಕೈ ಹಾಕುವ ಮುನ್ನ

ಈಗ ಸರಿಯಾಗಿ ನಡೆಯುತ್ತಿರುವ ಡ್ರೈವರ್‌ಗಳನ್ನು ಒಮ್ಮೆ ಎತ್ತಿಟ್ಟುಕೊಳ್ಳಿ. ಟರ್ಮಿನಲ್ಲನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ವಿಂಡೋಸ್‌ನದೇ ಆದ ಪಿಎನ್‌ಪಿಯುಟಿಲ್ (pnputil) ಸಾಧನಕ್ಕೆ ಎಕ್ಸ್‌ಪೋರ್ಟ್-ಡ್ರೈವರ್ (/export-driver) ಆಜ್ಞೆ, ಮುಂದೆ ಒಂದು ನಕ್ಷತ್ರ ಚಿಹ್ನೆ, ಅದರ ಮುಂದೆ ಪೆನ್‌ಡ್ರೈವ್‌ನಲ್ಲಿರುವ ಫೋಲ್ಡರ್‌ನ ವಿಳಾಸ ಕೊಡಿ. ಫೋಲ್ಡರನ್ನು ಮೊದಲೇ ಮಾಡಿಟ್ಟಿರಬೇಕು. ಹೊರಗಿನ ಕಂಪನಿಗಳ ಡ್ರೈವರ್‌ಗಳೆಲ್ಲ ಒಂದೊಂದು ಫೋಲ್ಡರ್ ಆಗಿ ಬಂದು ಕೂರುತ್ತವೆ. ಗ್ರಾಫಿಕ್ಸ್ ಇರುವುದರಿಂದ ಗಾತ್ರ ಒಂದೆರಡು ಜಿಬಿ ದಾಟಬಹುದು. ಇವುಗಳ ಜೊತೆಗಿನ ಆ್ಯಪ್‌ಗಳು ಮಾತ್ರ ಬರುವುದಿಲ್ಲ. ಸಿಸ್ಟಂ ರಿಸ್ಟೋರ್ ಆನ್ ಇದೆಯೇ ಎಂದೂ ನೋಡಿ; ಎಷ್ಟೋ ಯಂತ್ರಗಳಲ್ಲಿ ಅದು ಆಫ್ ಆಗಿಯೇ ಇರುತ್ತದೆ.

ಆಮೇಲೆ ಒಂದು ಸಲಕ್ಕೆ ಒಂದೇ ಡ್ರೈವರ್, ನಡುವೆ ಒಂದು ರೀಸ್ಟಾರ್ಟ್. ಐದನ್ನು ಒಟ್ಟಿಗೆ ಹಾಕಿ ಸ್ಲೀಪ್ ಕೆಟ್ಟರೆ ಯಾವುದು ಕೆಡಿಸಿತು ಎಂದು ಹುಡುಕುವುದು ತಲೆನೋವು. ಕೆಟ್ಟರೆ ‘ರೋಲ್ ಬ್ಯಾಕ್ ಡ್ರೈವರ್’ ಇದೆ. ಆ ಬಟನ್ ಮಸುಕಾಗಿದ್ದರೂ ದಾರಿ ಮುಗಿದಿಲ್ಲ: ಅಪ್‌ಡೇಟ್ ಡ್ರೈವರ್, ಬ್ರೌಸ್ ಮೈ ಕಂಪ್ಯೂಟರ್, ಲೆಟ್ ಮಿ ಪಿಕ್ ಎಂದು ಹೋದರೆ ದಾಸ್ತಾನಿನಲ್ಲಿ ಉಳಿದಿರುವ ಹಳೆಯ ಆವೃತ್ತಿಗಳು ಪಟ್ಟಿಯಾಗಿ ಸಿಗುತ್ತವೆ. ಅನ್‌ಇನ್‌ಸ್ಟಾಲ್ ಮಾಡುವಾಗ ಡ್ರೈವರನ್ನೂ ತೆಗೆಯುವ ಚೌಕಕ್ಕೆ ಟಿಕ್ ಹಾಕದಿದ್ದರೆ ಮುಂದಿನ ಬೂಟ್‌ನಲ್ಲಿ ಅದೇ ಡ್ರೈವರ್ ಮರಳಿ ಬರುತ್ತದೆ.

ನೀವು ಹಾಕಿದ್ದನ್ನು ವಿಂಡೋಸ್ ಅಪ್‌ಡೇಟ್ ತಿರುಗಿ ಬದಲಿಸುತ್ತಿದ್ದರೆ ಪ್ರೊ ಆವೃತ್ತಿಯಲ್ಲಿರುವ ಗ್ರೂಪ್ ಪಾಲಿಸಿ ಎಂಬ ನಿಯಮಗಳ ಪಟ್ಟಿಯಲ್ಲಿ ‘ಡು ನಾಟ್ ಇನ್‌ಕ್ಲೂಡ್ ಡ್ರೈವರ್ಸ್ ವಿತ್ ವಿಂಡೋಸ್ ಅಪ್‌ಡೇಟ್ಸ್’ ಎಂಬುದನ್ನು ಎನೇಬಲ್ ಮಾಡಬಹುದು. ಆಮೇಲೆ ಎಲ್ಲ ಡ್ರೈವರ್‌ಗಳ ಹೊಣೆ ನಿಮ್ಮದೇ ಎಂಬುದು ನೆನಪಿರಲಿ.

ಬಯಾಸ್‌ಗೆ ಇನ್ನಷ್ಟು ಎಚ್ಚರ ಬೇಕು. ಚಾರ್ಜರ್ ಚುಚ್ಚಿರಬೇಕು, ಬ್ಯಾಟರಿಯೂ ಸಾಕಷ್ಟು ತುಂಬಿರಬೇಕು, ನಡುವೆ ಮುಚ್ಚಳ ಮುಚ್ಚಬಾರದು. ಅದಕ್ಕೂ ಮೊದಲು, ಡಿಸ್ಕ್‌ನಲ್ಲಿರುವುದನ್ನು ಗೂಢಲಿಪಿಯಲ್ಲಿ ಕಾಯುವ ಬಿಟ್‌ಲಾಕರ್ ಆನ್ ಇದ್ದರೆ ಸಸ್ಪೆಂಡ್ ಮಾಡಿ. ಹೋಮ್ ಆವೃತ್ತಿಯಲ್ಲೂ ‘ಡಿವೈಸ್ ಎನ್‌ಕ್ರಿಪ್ಷನ್’ ಹೆಸರಿನಲ್ಲಿ ಇದು ತಾನಾಗಿಯೇ ಆನ್ ಆಗಿರಬಹುದು. ಬಯಾಸ್ ಬದಲಾದದ್ದನ್ನು ಕಂಡು ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳಿದಾಗ ಅದು ಕೈಯಲ್ಲಿಲ್ಲದಿದ್ದರೆ ಫೈಲುಗಳಿಗೆ ಬೀಗ ಬಿದ್ದಂತೆಯೇ. ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಕೀ ಇದೆಯೇ ಎಂದು ಮೊದಲೇ ನೋಡಿ ಬರೆದಿಟ್ಟುಕೊಳ್ಳಿ.

ಒಂದೇ ಕ್ಲಿಕ್‌ನಲ್ಲಿ ಎಲ್ಲ ಡ್ರೈವರ್ ಹೊಸದು ಮಾಡುತ್ತೇವೆ ಎನ್ನುವ ಮೂರನೆಯವರ ತಂತ್ರಾಂಶಗಳನ್ನು ಹಾಕಲೇಬೇಡಿ. ಐಡಿ ಹೊಂದಿದರೆ ಸಾಕು, ಮಾಡೆಲ್ ನೋಡದೆ ಸಿಕ್ಕಿದ್ದನ್ನು ತುಂಬುತ್ತವೆ. ಮೇಲೆ ಹೇಳಿದ ಆಡಿಯೊ ಎಡವಟ್ಟು ಆಗುವುದೇ ಹೀಗೆ.

ಹಳೆಯ ಡ್ರೈವರ್ ಒಂದು ಭದ್ರತೆಗೂ ಅಡ್ಡ ಬರುವುದುಂಟು. ವಿಂಡೋಸ್ ಸೆಕ್ಯುರಿಟಿಯ ಕೋರ್ ಐಸೊಲೇಷನ್‌ನಲ್ಲಿ ಮೆಮೊರಿ ಇಂಟೆಗ್ರಿಟಿ ಆನ್ ಆಗದಿದ್ದರೆ ಅಲ್ಲೇ ಹೊಂದದ ಡ್ರೈವರ್‌ಗಳ ಹೆಸರು ಕಾಣುತ್ತದೆ. ಎಂದೋ ಬಿಟ್ಟ ಪ್ರಿಂಟರ್, ವೆಬ್‌ಕ್ಯಾಮ್‌ನದ್ದಾದರೆ ತೆಗೆದುಹಾಕಿ. ಬಳಕೆಯಲ್ಲಿರುವುದಾದರೆ ಹೊಸ ಆವೃತ್ತಿ ತನ್ನಿ.

ಲಿನಕ್ಸ್‌ನಲ್ಲಿ ಕಥೆಯೇ ಬೇರೆ. ಹೆಚ್ಚಿನ ಡ್ರೈವರ್‌ಗಳು ಲಿನಕ್ಸ್‌ನ ತಿರುಳಾದ ಕರ್ನಲ್‌ನೊಳಗೇ ಇರುವುದರಿಂದ ಕರ್ನಲ್ ಮತ್ತು ಲಿನಕ್ಸ್-ಫರ್ಮ್‌ವೇರ್ ಪ್ಯಾಕೇಜ್ ಹೊಸದಾದರೆ ಅವೂ ಹೊಸದಾದಂತೆ. ಎನ್ವಿಡಿಯಾದ್ದನ್ನು ಅದರ ತಾಣದಿಂದ ಇಳಿಸದೆ ನಿಮ್ಮ ಡಿಸ್ಟ್ರೊದ (ಉಬುಂಟುವಿನಂಥ ಲಿನಕ್ಸ್ ಬಗೆ) ಭಂಡಾರದಿಂದಲೇ ತನ್ನಿ, ಇಲ್ಲವಾದರೆ ಕರ್ನಲ್ ಬದಲಾದಾಗಲೆಲ್ಲ ಪರದಾಟ. ನಂಬಿದ ಸಹಿ ಇರುವುದನ್ನಷ್ಟೇ ಬೂಟ್ ವೇಳೆ ಬಿಡುವ ಸೆಕ್ಯೂರ್ ಬೂಟ್ ಆನ್ ಇದ್ದರೆ ಉಬುಂಟು ಇನ್‌ಸ್ಟಾಲ್ ವೇಳೆ ಒಂದು ಪಾಸ್‌ವರ್ಡ್ ಕೇಳಬಹುದು. ಮುಂದಿನ ಬೂಟ್‌ನಲ್ಲಿ ಬರುವ ನೀಲಿ ಪರದೆಯಲ್ಲಿ ‘ಎನ್‌ರೋಲ್ ಎಂಒಕೆ’ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಅವಸರದಲ್ಲಿ ‘ಕಂಟಿನ್ಯೂ’ ಒತ್ತಿದರೆ ಡ್ರೈವರ್ ಇದ್ದೂ ಲೋಡ್ ಆಗುವುದಿಲ್ಲ. ಬಯಾಸ್ ಮತ್ತು ಎಸ್ಎಸ್‌ಡಿ ಫರ್ಮ್‌ವೇರ್‌ಗೆ ಎಫ್‌ಡಬ್ಲ್ಯುಅಪ್‌ಡಿ (fwupd) ಎಂಬ ತಂತ್ರಾಂಶ ಇದೆ. ಡೆಲ್, ಲೆನೊವೊದ ಅನೇಕ ಮಾಡೆಲ್‌ಗಳಿಗೆ ಅದರಿಂದಲೇ ಸಿಗುತ್ತದೆ. ನಿಮ್ಮ ಮಾಡೆಲ್ ಅದರಲ್ಲಿ ಇಲ್ಲದಿದ್ದರೆ ಬಯಾಸ್ ಫೈಲನ್ನು ಫ್ಯಾಟ್32 ಪೆನ್‌ಡ್ರೈವ್‌ಗೆ ಹಾಕಿ, ಬಯಾಸ್ ಮೆನುವಿನಲ್ಲೇ ಫ್ಲ್ಯಾಶ್ ಮಾಡುವ ಆಯ್ಕೆ ಇದೆಯೇ ನೋಡಿ.