ತಂಗಿಯ ಮಗಳ ಜೀನ್ ವರದಿ

ಇಂಡಿಯಲ್ಲಿರುವ ತಂಗಿಯ ಮಗಳು ಕಳೆದ ತಿಂಗಳು ವಿಜಯಪುರಕ್ಕೆ ಬಂದವಳು ಚೀಲದಿಂದ ಲ್ಯಾಬ್ ವರದಿಯೊಂದನ್ನು ತೆಗೆದು ನನ್ನ ಮುಂದಿಟ್ಟಳು. ಮಗುವಿನ ಯೋಚನೆಯಲ್ಲಿರುವ ಅವಳು ಯಾರದೋ ಮಾತು ಕೇಳಿ ಸಾವಿರಾರು ರೂಪಾಯಿ ಕೊಟ್ಟು ಜೀನ್ ತಪಾಸಣೆ ಮಾಡಿಸಿದ್ದಳು. ಎಂಟಿಎಚ್‌ಎಫ್‌ಆರ್ ಎಂಬ ಜೀನ್‌ನ ಒಂದು ಪ್ರತಿಯಲ್ಲಿ ವ್ಯತ್ಯಾಸವಿದೆ ಎಂಬ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿತ್ತು. "ದೊಡ್ಡವ್ವ, ಇದು ನಮ್ಮ ವಂಶದಾಗಿನ ದೋಷ ಏನು? ಅತ್ತಿಯವ್ರಿಗೆ ಏನಂತ ಹೇಳ್ಲಿ?" ಎಂದು ಕೇಳಿದಳು.

ಬಹಳ ವರ್ಷ ಜೀವಶಾಸ್ತ್ರ ಪಾಠ ಹೇಳಿದವಳಾದ್ದರಿಂದ ಕಾಗದ ತೆಗೆದುಕೊಂಡು ಕುಳಿತೆ. ನಾವು ತಿನ್ನುವ ಫೋಲೇಟ್ ಎಂಬ ಬಿ ಜೀವಸತ್ವವನ್ನು ದೇಹ ಬಳಸಬಲ್ಲ ರೂಪಕ್ಕೆ ತರುವ ಕಿಣ್ವವನ್ನು ಈ ಜೀನ್ ರೂಪಿಸುತ್ತದೆ. ಆ ಫೋಲೇಟು ರಕ್ತದಲ್ಲಿರುವ ಹೋಮೋಸಿಸ್ಟೀನ್ ಎಂಬ ಅಮೈನೋ ಆಮ್ಲವನ್ನು ಮೆಥಿಯೋನಿನ್ ಎಂಬ ಇನ್ನೊಂದು ಅಮೈನೋ ಆಮ್ಲವಾಗಿ ಬದಲಿಸುತ್ತದೆ, ಮೆಥಿಯೋನಿನ್‌ನಿಂದ ಹೊರಡುವ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪುಗಳು ಡಿಎನ್‌ಎ ಮೇಲೆ ಕುಳಿತು ಯಾವ ಜೀನ್ ಎಷ್ಟು ಕೆಲಸ ಮಾಡಬೇಕೆಂಬುದರಲ್ಲಿ ಪಾಲು ಪಡೆಯುತ್ತವೆ. ತಂದೆ ತಾಯಿಯರಿಂದ ಒಂದೊಂದರಂತೆ ಬರುವ ಎರಡೂ ಪ್ರತಿಗಳಲ್ಲಿ ವ್ಯತ್ಯಾಸವಿದ್ದವರಲ್ಲಿ ಕಿಣ್ವದ ಸಾಮರ್ಥ್ಯ ಸುಮಾರು 30 ಪ್ರತಿಶತಕ್ಕೆ ಇಳಿಯುತ್ತದೆ. ಒಂದೇ ಪ್ರತಿಯಲ್ಲಿ ಇದ್ದರೆ 65ರ ಆಸುಪಾಸು ಉಳಿಯುತ್ತದೆ. ಇದು ಲೋಕದಲ್ಲೆಲ್ಲ ಸಾಮಾನ್ಯವಾದ ವ್ಯತ್ಯಾಸ, ಇಂಥವರಿಗೂ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ, ಅಂದರೆ ಮಾತ್ರೆಯ ರೂಪದ ಫೋಲೇಟು, ಕೆಲಸ ಮಾಡುತ್ತದೆ. ಮುಂದೆ ಮಗುವಿನ ಮೆದುಳು, ಬೆನ್ನುಹುರಿಯಾಗುವ ನರಕೊಳವೆ ಗರ್ಭ ನಿಂತ 28 ದಿನಗಳೊಳಗೆ, ಅಂದರೆ ಎಷ್ಟೋ ಹೆಂಗಸರಿಗೆ ವಿಷಯ ತಿಳಿಯುವ ಮೊದಲೇ, ಮುಚ್ಚಿಕೊಳ್ಳುವುದರಿಂದ ಮಾತ್ರೆಯನ್ನು ಮುಂಚಿತವಾಗಿಯೇ ಆರಂಭಿಸಬೇಕು.

ನನ್ನ ಕಣ್ಣು ನಿಂತದ್ದು ಮೂರನೆಯ ಪುಟದಲ್ಲಿ. ಬಿ12 ಜೀವಸತ್ವ ಪ್ರತಿ ಮಿಲಿಲೀಟರ್ ರಕ್ತಕ್ಕೆ 145 ಪಿಕೋಗ್ರಾಂ. ಸಾಮಾನ್ಯವಾಗಿ 200ಕ್ಕಿಂತ ಕಡಿಮೆಯಿದ್ದರೆ ಕೊರತೆಯೆಂದೇ ಎಣಿಸುತ್ತಾರೆ. ಅದರ ಕೆಳಗೆ ಮಾತ್ರ ಯಾವ ಗೆರೆಯೂ ಇರಲಿಲ್ಲ! ಹೋಮೋಸಿಸ್ಟೀನ್ ಬದಲಾಗಲು ಫೋಲೇಟಿನ ಜೊತೆಗೆ ಬಿ12 ಬೇಕೇ ಬೇಕು. ಅದಿಲ್ಲದಿದ್ದರೆ ಫೋಲೇಟು ಬಳಕೆಗೆ ಬಾರದೆ ಸಿಕ್ಕಿಬೀಳುತ್ತದೆ. ನಮ್ಮ ಮನೆಯ ತಾಟಿನಲ್ಲಿ ಬಿಳಿಜೋಳದ ರೊಟ್ಟಿ, ಮೆಂತೆ ಪಲ್ಲೆ, ಹೆಸರುಕಾಳಿನ ಉಸಳಿ ಇರುತ್ತವೆ, ಫೋಲೇಟಿಗೆ ಕೊರತೆಯಿಲ್ಲ. ಆದರೆ ಸಸ್ಯಗಳಲ್ಲಿ ಬಿ12 ಇಲ್ಲ. ಶಾಖಾಹಾರಿಗಳಾದ ನಮಗೆ ಹಾಲು ಮೊಸರೇ ಆಧಾರ, ಅದೂ ಗಂಡಸರಿಗೆ ಗಟ್ಟಿ ಮೊಸರು ಬಡಿಸಿ ಹೆಂಗಸರು ನೀರು ಮಜ್ಜಿಗೆಯಲ್ಲಿ ಊಟ ಮುಗಿಸುವ ಪದ್ಧತಿ.

ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ ಡಾ. ಸಿ. ಎಸ್. ಯಾಜ್ಞಿಕ್ ಅವರ ತಂಡ 1993ರಿಂದ ಗರ್ಭಿಣಿಯರನ್ನೂ ಅವರ ಮಕ್ಕಳನ್ನೂ ಅಧ್ಯಯನ ಮಾಡುತ್ತ ಬಂದಿದೆ. ಅಲ್ಲಿ ಹುಟ್ಟಿದ ಕೂಸುಗಳ ಸರಾಸರಿ ತೂಕ 2.7 ಕಿಲೋ, ಬ್ರಿಟನ್ನಿನ ಕೂಸುಗಳದು 3.5, ಆದರೂ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟು ಕಡಿಮೆಯಾಗಿರಲಿಲ್ಲ. ಬಸಿರಿನಲ್ಲಿ ಬಿ12 ಕಡಿಮೆಯಿದ್ದು ಫೋಲೇಟ್ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ, ಆರು ವರ್ಷಕ್ಕೇ, ಇನ್ಸುಲಿನ್‌ಗೆ ಮಣಿಯದ, ಮುಂದೆ ಸಕ್ಕರೆ ಕಾಯಿಲೆಗೆ ದಾರಿಯಾಗಬಲ್ಲ ಸ್ವಭಾವ ಅತಿ ಹೆಚ್ಚಾಗಿ ಕಂಡಿತು. "ಸಕ್ಕರೆ ಕಾಯಿಲೆ ನಮ್ಮ ಮನೆತನದ್ದು" ಎಂದು ನಾವು ಹೇಳುತ್ತ ಬಂದಿದ್ದೇವೆ. ಅಪ್ಪನಿಗೂ ಇಬ್ಬರು ಕಾಕಾಗಳಿಗೂ ಅದಿತ್ತು. ಜೀನ್‌ಗಳ ಪಾಲು ಅದರಲ್ಲಿ ಇದ್ದೇ ಇದೆ, ಆದರೆ ನಮ್ಮ ಅಜ್ಜಿ ಬಸಿರಿದ್ದಾಗ ಕುಡಿದ ನೀರು ಮಜ್ಜಿಗೆಯ ಪಾಲೆಷ್ಟೋ ಎಂದು ನನಗೆ ಈಗ ಅನಿಸುತ್ತದೆ.

ಮರುದಿನ ಅವಳನ್ನು ವೈದ್ಯೆಯೊಬ್ಬರ ಬಳಿ ಕರೆದುಕೊಂಡು ಹೋದೆ. ಫೋಲಿಕ್ ಆಮ್ಲದ ಜೊತೆ ಬಿ12 ಸೇರಿಸಿ ಮೂರು ತಿಂಗಳ ನಂತರ ಮತ್ತೆ ರಕ್ತ ನೋಡುವುದಾಗಿ ಹೇಳಿದರು. ಜೀನ್ ವರದಿಯನ್ನು ಅತ್ತೆಗೆ ತೋರಿಸುವ ಅಗತ್ಯವಿಲ್ಲ, ಮೂರನೆಯ ಪುಟವನ್ನು ಮಾತ್ರ ತೋರಿಸು ಎಂದೆ. ಆ ಮನೆಯಲ್ಲಿಯೂ ಹೆಂಗಸರು ಉಣ್ಣುವುದು ಮಜ್ಜಿಗೆಯನ್ನೇ.